ಎಲ್ಲಿಯವರೆಗೆ ಬಂತು?

ಪ್ರಾಯೋಗಿಕ ಪರೀಕ್ಷೆಗೆ ಎರಡೇ ದಿನ ಬಾಕಿ ಇತ್ತು. ನಾನು ಆಗ ಕೆಲಸ ಮಾಡುತ್ತಿದ್ದ ಕಾಲೇಜಿನ ಲ್ಯಾಬಿನಲ್ಲಿ 40 ಕಂಪ್ಯೂಟರುಗಳಿಗೆ ಹೊಸದಾಗಿ ಡೆಬಿಯನ್ ಹಾಕಬೇಕಿತ್ತು. ಒಂದೊಂದಕ್ಕೂ ಪೆನ್‌ಡ್ರೈವ್ ಚುಚ್ಚಿ, ಭಾಷೆ ಯಾವುದು, ಕೀಬೋರ್ಡ್ ಯಾವುದು, ಡಿಸ್ಕನ್ನು ಹೇಗೆ ಹಂಚಲಿ ಎಂದು ಅದು ಕೇಳುವುದಕ್ಕೆಲ್ಲ ಉತ್ತರ ಕೊಡುತ್ತ ಕೂತರೆ ವಾರವಾದರೂ ಮುಗಿಯುವ ಕೆಲಸವಲ್ಲ. ಹಾಗಾಗಿ ಎಲ್ಲವೂ ನೆಟ್‌ವರ್ಕ್ ಮೂಲಕ ತಾನಾಗಿಯೇ ನಡೆಯುವಂತೆ ಏರ್ಪಾಡು ಮಾಡಿದ್ದೆವು. ಯಂತ್ರ ಆನ್ ಮಾಡುವುದು, ಎಫ್12 ಒತ್ತುವುದು, ಕಾಫಿಗೆ ಹೋಗಿಬರುವುದು, ಇಷ್ಟೇ. ಕಾಫಿ ಮುಗಿಸಿ ಬಂದಾಗ ಲ್ಯಾಬ್ ಸಹಾಯಕ ಬಾಗಿಲಲ್ಲೇ ನಿಂತಿದ್ದ.

"ಸಾರ್, ಯಾವುದೂ ಬರ್ತಿಲ್ಲ."

ಈ ಕೆಲಸದಲ್ಲಿರುವವರೆಲ್ಲ ದಿನಕ್ಕೊಮ್ಮೆಯಾದರೂ ಕೇಳುವ ಮಾತು ಇದು. ಹೇಳುವವನ ತಪ್ಪಲ್ಲ, ಕಪ್ಪು ಸ್ಕ್ರೀನಿನ ಮೇಲೆ ಬಿಳಿ ಅಕ್ಷರ ನಿಂತುಬಿಟ್ಟರೆ ಎಲ್ಲ ಒಂದೇ ಥರ ಕಾಣುತ್ತದೆ. ಆದರೆ ಸಾಲು ಸಾಲಾಗಿ ನಡೆದು ನೋಡಿದೆ. ಎರಡನೆಯ ಸಾಲಿನಲ್ಲಿ ಎಲ್ಲವೂ 'ಪಿಎಕ್ಸ್‌ಇ-ಇ51' ಎಂದು ಬರೆದುಕೊಂಡು ನಿಂತಿದ್ದವು. ಮೂರನೆಯ ಸಾಲಿನಲ್ಲಿ 'ಪಿಎಕ್ಸ್‌ಇ-ಇ53'. ಕೊನೆಯ ಸಾಲಿನ ಯಂತ್ರಗಳು ಇನ್‌ಸ್ಟಾಲರಿನ ನೀಲಿ ಪರದೆಯವರೆಗೆ ಬಂದು, ನೆಟ್‌ವರ್ಕ್ ಸಿಗಲಿಲ್ಲ ಎಂದು ಕೈಚೆಲ್ಲಿದ್ದವು. ಮೊದಲ ಸಾಲಿನ ಹೊಸ ಯಂತ್ರಗಳು ಏನೂ ಹೇಳದೆ ಮತ್ತೆ ಮೊದಲಿನ ಮೆನುವಿಗೇ ಮರಳಿದ್ದವು. ಯಾವುದೂ ಬರದೇ ಇದ್ದದ್ದು ನಿಜ, ಆದರೆ ಪ್ರತಿ ಸಾಲೂ ಬೇರೆ ಬೇರೆ ಕಡೆ ನಿಂತಿತ್ತು. ಅವತ್ತಿನಿಂದ ನಾನು ಯಾರು ಬಂದು ಏನೇ ದೂರು ಹೇಳಿದರೂ ಮೊದಲು ಕೇಳುವ ಪ್ರಶ್ನೆ ಒಂದೇ: ಎಲ್ಲಿಯವರೆಗೆ ಬಂತು?

ಈ ಪ್ರಶ್ನೆಗೆ ಅರ್ಥ ಬರಬೇಕಾದರೆ ದಾರಿ ಗೊತ್ತಿರಬೇಕು. ಡಿಸ್ಕಿನಲ್ಲಿ ಏನೂ ಇಲ್ಲದ ಕಂಪ್ಯೂಟರಿಗೆ ತನ್ನ ಹೆಸರು ಗೊತ್ತಿಲ್ಲ, ವಿಳಾಸ ಗೊತ್ತಿಲ್ಲ, ಪಕ್ಕದಲ್ಲಿ ಯಾರಿದ್ದಾರೆಂದೂ ಗೊತ್ತಿಲ್ಲ. ಅದರ ನೆಟ್‌ವರ್ಕ್ ಕಾರ್ಡಿನಲ್ಲಿ ಒಂದು ಪುಟ್ಟ ಪ್ರೋಗ್ರಾಮ್ ಇರುತ್ತದೆ. ಇಂಟೆಲ್ ಸಂಸ್ಥೆ ರೂಪಿಸಿದ ಪಿಎಕ್ಸ್‌ಇ ಎಂಬ ಕ್ರಮವನ್ನು ಅದು ಪಾಲಿಸುತ್ತದೆ. ಇಂದಿಗೂ ಎಲ್ಲರೂ ನೆಚ್ಚಿಕೊಂಡಿರುವ ಅದರ 2.1ನೆಯ ಆವೃತ್ತಿ ಬಂದದ್ದು 1999ರಲ್ಲಿ. ಆ ಪ್ರೋಗ್ರಾಮ್ ಕತ್ತಲೆಯಲ್ಲಿ ಕೂಗು ಹಾಕುತ್ತದೆ: ಯಾರಾದರೂ ಇದ್ದೀರಾ? ಡಿಎಚ್‌ಸಿಪಿ ಸರ್ವರ್ ಓಗೊಡುತ್ತದೆ: ಇದ್ದೇನೆ, ಈ ವಿಳಾಸ ಬೇಕಾ? ಯಂತ್ರ ಹೇಳುತ್ತದೆ: ಅದನ್ನೇ ಕೊಡಿ. ಸರ್ವರ್: ಆಯಿತು, ಅದು ನಿನ್ನದು, ಇಂಥ ಯಂತ್ರಕ್ಕೆ ಹೋಗಿ ಇಂಥ ಹೆಸರಿನ ಫೈಲು ಕೇಳು. ಆ ಫೈಲು ಟಿಎಫ್‌ಟಿಪಿ ಎಂಬ ಹಳೆಯ ವಿಧಾನದಲ್ಲಿ ಬರುತ್ತದೆ. ಅದು ಬೂಟ್‌ಲೋಡರ್. ಬೂಟ್‌ಲೋಡರ್ ಕರ್ನಲನ್ನೂ ಅದರ ಜೊತೆಗಾರ ಇನಿಟ್‌ಆರ್‌ಡಿಯನ್ನೂ ತರಿಸುತ್ತದೆ. ಕರ್ನಲ್ ಎದ್ದು ಇನ್‌ಸ್ಟಾಲರನ್ನು ಎಬ್ಬಿಸುತ್ತದೆ. ಇನ್‌ಸ್ಟಾಲರ್ ಮತ್ತೆ ಹೊಸದಾಗಿ ವಿಳಾಸ ಕೇಳಿ, ನಾವು ಬರೆದಿಟ್ಟ ಉತ್ತರಗಳ ಫೈಲನ್ನು ತರಿಸಿಕೊಂಡು, ಅದನ್ನು ನೋಡಿ ಕೆಲಸಕ್ಕೆ ಇಳಿಯುತ್ತದೆ.

ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೀಗೆ ಐದಾರು ಸಲ ಕೆಲಸ ದಾಟುತ್ತದೆ. ಪ್ರತಿಯೊಬ್ಬರೂ ಹಿಂದಿನವರನ್ನು ಪೂರ್ತಿ ಮರೆತೇ ಕೆಲಸ ಶುರು ಮಾಡುತ್ತಾರೆ. ನೆಟ್‌ವರ್ಕ್ ಕಾರ್ಡು ಪಡೆದ ವಿಳಾಸ ಇನ್‌ಸ್ಟಾಲರಿಗೆ ಗೊತ್ತಿರುವುದಿಲ್ಲ. ಎಡವಿದ್ದು ಒಂದು ಕಡೆ, ಅಳು ಕೇಳಿಸುವುದು ಇನ್ನೊಂದು ಕಡೆ.

ಇ51 ಮತ್ತು ಇ53 ನೋಡಲು ಅಣ್ಣತಮ್ಮಂದಿರಂತಿವೆ. ಇ51 ಎಂದರೆ ಕೂಗಿಗೆ ಯಾರೂ ಓಗೊಡಲಿಲ್ಲ. ಇ53 ಎಂದರೆ ಯಾರೋ ಓಗೊಟ್ಟು ವಿಳಾಸವನ್ನೂ ಕೊಟ್ಟರು, ಆದರೆ ಯಾವ ಫೈಲು ಕೇಳಬೇಕೆಂದು ಹೇಳಲಿಲ್ಲ. ಮೊದಲನೆಯದಕ್ಕೆ ಕೇಬಲ್, ಸ್ವಿಚ್, ಸರ್ವರ್ ಓಡುತ್ತಿದೆಯೇ ಇಲ್ಲವೇ ಎಂದು ನೋಡಬೇಕು. ಎರಡನೆಯದಕ್ಕೆ ಹುಡುಕಬೇಕಾದದ್ದು ಬೇರೆಯೇ: ಓಗೊಟ್ಟವರು ಯಾರು?

ಎರಡನೆಯ ಸಾಲಿನ ಕೇಬಲ್ಲುಗಳು ಹೊಸದಾಗಿ ತಂದ ಸ್ವಿಚ್ಚಿನಲ್ಲಿದ್ದವು. ಅದರಲ್ಲಿ ಆ ಪೋರ್ಟುಗಳನ್ನು ಬೇರೊಂದು ವಿಎಲ್‌ಎಎನ್‌ಗೆ, ಅಂದರೆ ನಡುವೆ ಗೋಡೆ ಕಟ್ಟಿದಂತೆ ಬೇರ್ಪಡಿಸಿದ ಇನ್ನೊಂದು ನೆಟ್‌ವರ್ಕಿಗೆ, ಸೇರಿಸಿಟ್ಟಿದ್ದರು. ಕೂಗು ಆ ಗೋಡೆ ದಾಟುವುದಿಲ್ಲ. ದಾಟಿಸಲು ರೂಟರಿನಲ್ಲಿ ಡಿಎಚ್‌ಸಿಪಿ ರಿಲೇ ಎಂಬ ಮಧ್ಯವರ್ತಿ ಬೇಕು. ಮೂರನೆಯ ಸಾಲಿನ ಪುಟ್ಟ ಸ್ವಿಚ್ಚಿನಿಂದ ಸರ್ವರಿಗೆ ಹೋಗುವ ಕೇಬಲನ್ನು ಯಾರೋ ಕಿತ್ತು, ಆ ಜಾಗಕ್ಕೆ ಒಂದು ವೈಫೈ ರೂಟರ್ ಸಿಕ್ಕಿಸಿದ್ದರು. ಮನೆಗಳಲ್ಲಿ ಇರುತ್ತದಲ್ಲ, ಅಂಥದ್ದು. ಪಾಪ, ಅದು ತನ್ನ ಕೆಲಸ ತಾನು ಮಾಡಿತ್ತು, ಕೇಳಿದವರಿಗೆಲ್ಲ ವಿಳಾಸ ಹಂಚಿತ್ತು. ಬೂಟ್ ಫೈಲಿನ ಹೆಸರು ಅದಕ್ಕೆಲ್ಲಿಂದ ಗೊತ್ತಿರಬೇಕು? ಕೇಬಲ್ ಕೀಳದೆ ಎರಡೂ ಒಂದೇ ತಂತಿಯ ಮೇಲೆ ಇದ್ದಿದ್ದರಂತೂ ಇನ್ನೂ ಕಷ್ಟ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತೆ, ಯಾರ ಉತ್ತರ ಮೊದಲು ತಲುಪಿತೋ ಅದರಂತೆ ಒಂದು ಯಂತ್ರ ಏಳುತ್ತದೆ, ಇನ್ನೊಂದು ಏಳುವುದಿಲ್ಲ. ಅರ್ಧ ಸರಿ, ಅರ್ಧ ತಪ್ಪು ಇರುವ ದೋಷ ಪೂರ್ತಿ ಕೆಟ್ಟದ್ದಕ್ಕಿಂತ ಹೆಚ್ಚು ಕಾಡುತ್ತದೆ.

ಇಂಥ ಹೊತ್ತಿನಲ್ಲಿ ಸ್ಕ್ರೀನನ್ನು ದಿಟ್ಟಿಸುತ್ತ ಕೂತರೆ ಏನೂ ಹೊಳೆಯುವುದಿಲ್ಲ. ಸರ್ವರಿನ ಮುಂದೆ ಕೂತು ಟಿಸಿಪಿಡಂಪ್ ಓಡಿಸಿ, 67, 68, 69ನೆಯ ಪೋರ್ಟುಗಳ ಮಾತುಕತೆಯನ್ನು ಕದ್ದು ಕೇಳಬೇಕು. ಯಂತ್ರದ ಕೂಗು ಸರ್ವರಿಗೆ ತಲುಪಿತೇ? ತಲುಪಿದ್ದರೆ ಉತ್ತರ ಹೊರಟಿತೇ? ಹೊರಟಿದ್ದರೆ ಮುಂದಿನ ಕೋರಿಕೆ ಬಂತೇ? ಎರಡು ತುದಿಯಿಂದಲೂ ನೋಡಿದರೆ ಅರ್ಧ ಗಂಟೆಯ ಊಹೆ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಊಹೆಯ ಮೇಲೆ ಸರ್ವರಿನ ಸೆಟ್ಟಿಂಗ್ ಬದಲಿಸುವ ಚಟ ನನಗೂ ಇತ್ತು. ಅದರಿಂದ ಒಂದು ತೊಂದರೆ ಎರಡಾಗುತ್ತದೆ, ಮೊದಲಿನದು ಯಾವುದೆಂಬುದೇ ಮರೆತುಹೋಗುತ್ತದೆ.

ಕೊನೆಯ ಸಾಲಿನ ಯಂತ್ರಗಳು ನನ್ನನ್ನು ಬಹಳ ಹೊತ್ತು ಕಾಡಿದವು. ಅಲ್ಲಿ ನೆಟ್‌ವರ್ಕ್ ಇಲ್ಲ ಎನ್ನಲು ಹೇಗೆ ಸಾಧ್ಯ? ಕರ್ನಲ್ಲೂ ಇನ್‌ಸ್ಟಾಲರೂ ಬಂದದ್ದೇ ಆ ನೆಟ್‌ವರ್ಕಿನ ಮೇಲೆ. ಹಾಗೇ ಬೇಸರದಲ್ಲಿ 'ಮತ್ತೆ ಪ್ರಯತ್ನಿಸು' ಎಂಬುದರ ಮೇಲೆ ಎಂಟರ್ ಒತ್ತಿದೆ. ವಿಳಾಸ ಸಿಕ್ಕಿತು. ಪಕ್ಕದ ಯಂತ್ರದಲ್ಲೂ ಒತ್ತಿದೆ. ಸಿಕ್ಕಿತು. ಮೊದಲ ಸಲ ಸೋಲುತ್ತದೆ, ಎರಡನೆಯ ಸಲ ಗೆಲ್ಲುತ್ತದೆ. ಆಗ ಸ್ವಿಚ್ಚಿನ ದೀಪಗಳನ್ನು ನೋಡುತ್ತ ನಿಂತೆ. ಒಂದು ಯಂತ್ರವನ್ನು ರೀಸ್ಟಾರ್ಟ್ ಮಾಡಿದಾಗ ಅದರ ಪೋರ್ಟಿನ ದೀಪ ಆರಿತು, ಕಿತ್ತಳೆ ಬಣ್ಣಕ್ಕೆ ತಿರುಗಿತು, ಕಿತ್ತಳೆಯಲ್ಲೇ ಬಹಳ ಹೊತ್ತು ಇದ್ದು ಆಮೇಲೆ ಹಸಿರಾಯಿತು. ಗಡಿಯಾರ ಹಿಡಿದು ಎಣಿಸಿದೆ: 30 ಸೆಕೆಂಡು.

ಆ 30 ಸೆಕೆಂಡಿನ ಹಿಂದೆ ಒಂದು ಒಳ್ಳೆಯ ಉದ್ದೇಶ ಇದೆ. ಎರಡು ಸ್ವಿಚ್‌ಗಳ ನಡುವೆ ಅಕಸ್ಮಾತ್ ಎರಡು ಕೇಬಲ್ ಹಾಕಿದರೆ ಸುತ್ತು ಏರ್ಪಟ್ಟು, ಒಂದು ಕೂಗು ಕೊನೆಯೇ ಇಲ್ಲದೆ ಗಿರಕಿ ಹೊಡೆದು ಇಡೀ ನೆಟ್‌ವರ್ಕನ್ನು ಉಸಿರುಗಟ್ಟಿಸುತ್ತದೆ. ಇದನ್ನು ತಡೆಯಲು ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಶನ್ನಿನಲ್ಲಿದ್ದ ರೇಡಿಯಾ ಪರ್ಲ್‌ಮನ್ 1985ರಲ್ಲಿ ಸ್ಪ್ಯಾನಿಂಗ್ ಟ್ರೀ ಎಂಬ ಉಪಾಯ ಕಂಡುಹಿಡಿದರು. ಅದರ ಬಗ್ಗೆ ಒಂದು ಪುಟ್ಟ ಪದ್ಯವನ್ನೂ ಬರೆದರು. ಯಾವುದೇ ಪೋರ್ಟಿಗೆ ಜೀವ ಬಂದಾಗ ಸ್ವಿಚ್ಚು ಅದನ್ನು ತಕ್ಷಣ ಒಳಗೆ ಬಿಟ್ಟುಕೊಳ್ಳುವುದಿಲ್ಲ. 15 ಸೆಕೆಂಡು ಆಲಿಸುತ್ತದೆ, ಇನ್ನು 15 ಸೆಕೆಂಡು ಕಲಿಯುತ್ತದೆ, ಸುತ್ತು ಇಲ್ಲವೆಂದು ಖಾತ್ರಿಯಾದ ಮೇಲೆ ಬಾಗಿಲು ತೆರೆಯುತ್ತದೆ. ಪಿಎಕ್ಸ್‌ಇ ಪ್ರೋಗ್ರಾಮಿಗೆ ಇದರಿಂದ ಸಾಮಾನ್ಯವಾಗಿ ತೊಂದರೆ ಇಲ್ಲ. ಅದು 4, 8, 16, 32 ಸೆಕೆಂಡು ಕಾದು ನಾಲ್ಕು ಸಲ ಕೂಗುವ ತಾಳ್ಮೆ ಇರುವಂಥದ್ದು, ಒಟ್ಟು ಒಂದು ನಿಮಿಷ. ಆದರೆ ಕರ್ನಲ್ ಎದ್ದು ನೆಟ್‌ವರ್ಕ್ ಕಾರ್ಡನ್ನು ಹೊಸದಾಗಿ ಚಾಲೂ ಮಾಡಿದ ಕ್ಷಣ ಸ್ವಿಚ್ಚಿನ ಕಣ್ಣಿಗೆ ಅದು ಹೊಸ ನೆಂಟ. ಮತ್ತೆ 30 ಸೆಕೆಂಡು ಹೊಸಿಲ ಹೊರಗೆ. ಇನ್‌ಸ್ಟಾಲರಿಗೆ ಅಷ್ಟು ತಾಳ್ಮೆ ಇರಲಿಲ್ಲ.

ಕಂಪ್ಯೂಟರ್ ಮಾತ್ರ ಕೂರುವ ಪೋರ್ಟುಗಳಿಗೆ ಈ ಕಾಯುವಿಕೆ ಬೇಡವೆಂದು ಸ್ವಿಚ್ಚಿಗೆ ಹೇಳಬಹುದು. ಪೋರ್ಟ್‌ಫಾಸ್ಟ್ ಎಂದು ಕರೆಯುತ್ತಾರೆ. ಸ್ವಿಚ್ಚಿನ ಪಾಸ್‌ವರ್ಡ್ ಕೈಯಲ್ಲಿಲ್ಲದವರಿಗೆ ಇನ್ನೊಂದು ದಾರಿ: ಯಂತ್ರಕ್ಕೂ ಆ ಸ್ವಿಚ್ಚಿಗೂ ನಡುವೆ ಒಂದು ಸಾದಾ, ಅಗ್ಗದ ಸ್ವಿಚ್ ಇಟ್ಟು ನೋಡಿ. ಯಂತ್ರ ಎಷ್ಟು ಸಲ ಎದ್ದು ಬಿದ್ದರೂ ದೊಡ್ಡ ಸ್ವಿಚ್ಚಿನ ಪೋರ್ಟಿಗೆ ಅದು ತಿಳಿಯುವುದೇ ಇಲ್ಲ, ಬಾಗಿಲು ತೆರೆದೇ ಇರುತ್ತದೆ. ಹಾಗೆ ಮಾಡಿದಾಗ ಎಲ್ಲ ಸರಾಗ ನಡೆದರೆ ಕಾರಣ ಇದೇ ಎಂದು ನಂಬಬಹುದು.

ಮೊದಲ ಸಾಲಿನ ಮೌನದ್ದು ಬೇಗ ಬಗೆಹರಿಯಿತು. ಅವು ಯುಇಎಫ್‌ಐ ಕಾಲದ ಯಂತ್ರಗಳು. ನಾವು ಕೊಡುತ್ತಿದ್ದದ್ದು ಹಳೆಯ ಬಯಾಸ್‌ಗೆ ಬರೆದ ಬೂಟ್‌ಲೋಡರ್. ಯಂತ್ರ ಅದನ್ನು ಪೂರ್ತಿ ತರಿಸಿಕೊಂಡಿತು, ಓದಲು ಬರದೆ ಪಕ್ಕಕ್ಕಿಟ್ಟು ಸುಮ್ಮನಾಯಿತು. ಸರ್ವರಿನ ಲಾಗಿನಲ್ಲಿ ಫೈಲು ಕಳಿಸಿಯಾಯಿತು ಎಂದಿತ್ತು, ಸ್ಕ್ರೀನಿನ ಮೇಲೆ ಏನೂ ಇರಲಿಲ್ಲ. ಆ ಎರಡನ್ನು ಜೋಡಿಸಿದರೆ ಉತ್ತರ ಸಿಗುತ್ತದೆ. ಯಂತ್ರ ಕೂಗುವಾಗಲೇ ತನ್ನ ಜಾತಕವನ್ನೂ ಹೇಳಿರುತ್ತದೆ. ಡಿಎಚ್‌ಸಿಪಿಯ 93ನೆಯ ಆಪ್ಶನ್‌ನಲ್ಲಿ 0 ಎಂದಿದ್ದರೆ ಹಳೆಯ ಬಯಾಸ್, 7 ಎಂದಿದ್ದರೆ 64 ಬಿಟ್‌ನ ಯುಇಎಫ್‌ಐ. ಅದನ್ನು ನೋಡಿ ಅವರವರಿಗೆ ತಕ್ಕ ಫೈಲು ಕೊಡುವಂತೆ ಸರ್ವರಿಗೆ ಹೇಳಿದರೆ ಮುಗಿಯಿತು.

ಟಿಎಫ್‌ಟಿಪಿಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಕರೆನ್ ಸೋಲಿನ್ಸ್ ಇದರ ವಿವರವನ್ನು 1981ರಲ್ಲಿ ಬರೆದುಕೊಟ್ಟರು, 1992ರಲ್ಲಿ ತಿದ್ದಿದರು. ಇಡೀ ಪ್ರೋಗ್ರಾಮ್ ಒಂದು ಚಿಪ್ಪಿನ ಮೂಲೆಯಲ್ಲಿ ಹಿಡಿಯುವಷ್ಟು ಸರಳವಾಗಿರಬೇಕು ಎಂಬುದೇ ಅದರ ಗುರಿ. ಲಾಗಿನ್ ಇಲ್ಲ, ಫೋಲ್ಡರಿನಲ್ಲಿ ಏನೇನಿದೆ ಎಂದು ತೋರಿಸುವ ಸೌಕರ್ಯವಿಲ್ಲ. ಫೈಲನ್ನು 512 ಬೈಟುಗಳ ತುತ್ತು ಮಾಡಿ ಕಳಿಸುತ್ತದೆ. ಒಂದು ತುತ್ತು ನುಂಗಿ 'ಹೂಂ' ಎಂದ ಮೇಲೆಯೇ ಮುಂದಿನದು. 40 ಎಂಬಿಯ ಇನಿಟ್‌ಆರ್‌ಡಿ ಎಂದರೆ 81,920 ತುತ್ತು. ಹೋಗಿಬರಲು ಒಂದು ಮಿಲಿಸೆಕೆಂಡ್ ಎಂದುಕೊಂಡರೂ 82 ಸೆಕೆಂಡು. ಅದಕ್ಕಿಂತ ದೊಡ್ಡ ತೊಡಕು ತುತ್ತಿನ ಕ್ರಮಸಂಖ್ಯೆಯದು. ಅದಕ್ಕೆ ಇರುವುದು 16 ಬಿಟ್ ಜಾಗ, 65,535ರ ಆಚೆ ಎಣಿಸಲು ಬಾರದು. ಕೆಲವು ಸರ್ವರುಗಳು ಅಲ್ಲಿಂದ ಮತ್ತೆ ಸೊನ್ನೆಗೆ ಸುತ್ತಿ ಮುಂದುವರಿಯುತ್ತವೆ, ಕೆಲವು ಅಲ್ಲೇ ನಿಲ್ಲುತ್ತವೆ. ಡೌನ್‌ಲೋಡು ಸರಿಯಾಗಿ 32 ಎಂಬಿ ಹತ್ತಿರ ನಿಂತುಬಿಟ್ಟರೆ ಕೇಬಲನ್ನು ಬೈಯಬೇಡಿ, ಲೆಕ್ಕ ಹಾಕಿ. 1998ರಲ್ಲಿ ಬಂದ ತಿದ್ದುಪಡಿಯಂತೆ ತುತ್ತಿನ ಗಾತ್ರವನ್ನು 1,468 ಬೈಟಿಗೆ ಏರಿಸಿಕೊಂಡರೆ ತುತ್ತುಗಳು 28,572ಕ್ಕೆ ಇಳಿಯುತ್ತವೆ, ಎರಡೂ ತೊಂದರೆ ಒಟ್ಟಿಗೆ ಹಗುರಾಗುತ್ತವೆ.

ಮೊದಲ ದಿನಗಳಲ್ಲಿ ಇದಕ್ಕೊಂದು ವಿಚಿತ್ರ ರೋಗವಿತ್ತು. ಒಂದು 'ಹೂಂ' ದಾರಿಯಲ್ಲಿ ತಡವಾದರೆ ಸರ್ವರ್ ಅದೇ ತುತ್ತನ್ನು ಮತ್ತೆ ಕಳಿಸುತ್ತಿತ್ತು. ಆಗ ಎರಡು 'ಹೂಂ' ಬರುತ್ತಿದ್ದವು. ಎರಡಕ್ಕೂ ಮುಂದಿನ ತುತ್ತನ್ನು ಎರಡೆರಡು ಸಲ ಕಳಿಸುತ್ತಿತ್ತು. ಇನ್ನೊಂದು ತಡವಾದರೆ ಮತ್ತಷ್ಟು. ಪಶ್ಚಿಮದವರು ಇದಕ್ಕೆ ಮಾಂತ್ರಿಕನ ಶಿಷ್ಯನ ಹೆಸರಿಟ್ಟರು. ನಮಗೆ ರಕ್ತಬೀಜಾಸುರ ಸಾಕು. ನೆಲಕ್ಕೆ ಬಿದ್ದ ಹನಿಯಿಂದ ಇನ್ನೊಬ್ಬ ಹುಟ್ಟುತ್ತಾನೆ. ಒಮ್ಮೆ 'ಹೂಂ' ಎಂದ ತುತ್ತಿಗೇ ಮತ್ತೆ ಬಂದ 'ಹೂಂ' ಅನ್ನು ಕಿವಿಗೆ ಹಾಕಿಕೊಳ್ಳಬಾರದು ಎಂದು 1989ರಲ್ಲಿ ನಿಯಮ ಮಾಡಿದ ಮೇಲೆ ಈ ಕಾಟ ತಪ್ಪಿತು.

ಫೈರ್‌ವಾಲಿನಲ್ಲಿ 69ನೆಯ ಪೋರ್ಟ್ ತೆರೆದಿದ್ದೇವೆ, ಆದರೂ ಫೈಲು ಬರುತ್ತಿಲ್ಲ ಎಂದು ಕೇಳುವವರು ಬಹಳ ಜನ. 69ರಲ್ಲಿ ಬರುವುದು ಕೋರಿಕೆ ಮಾತ್ರ. ಸರ್ವರ್ ಉತ್ತರವನ್ನು ತಾನೇ ಆರಿಸಿಕೊಂಡ ಬೇರೆ ಪೋರ್ಟಿನಿಂದ ಕೊಡುತ್ತದೆ, ಫೈರ್‌ವಾಲ್ ಅದನ್ನು ಅಪರಿಚಿತನೆಂದು ತಡೆಯುತ್ತದೆ. ಇನ್ನೊಂದು ಹೆದರಿಕೆ ಲಾಗ್ ನೋಡಿದವರದು: 'ಫೈಲು ಸಿಗಲಿಲ್ಲ' ಎಂಬ ಸಾಲುಗಳ ಸುರಿಮಳೆ. ಎಚ್. ಪೀಟರ್ ಆನ್ವಿನ್ ಬರೆದ ಪಿಎಕ್ಸ್‌ಲಿನಕ್ಸ್ ಎಂಬ ಬೂಟ್‌ಲೋಡರ್ ಬಳಸುವವರಿಗೆ ಇದು ಸಹಜ. ಫೋಲ್ಡರಿನೊಳಗೆ ಇಣುಕಲು ಬಾರದ ಕಾರಣ ಅದು ಹೆಸರು ಹಿಡಿದು ಕೂಗಿ ನೋಡುತ್ತದೆ. ಮೊದಲು ಯಂತ್ರದ ಗುರುತುಸಂಖ್ಯೆಯ ಹೆಸರಿನ ಫೈಲು ಇದೆಯೇ, ಆಮೇಲೆ ಮ್ಯಾಕ್ ವಿಳಾಸದ ಹೆಸರಿನದು, ಆಮೇಲೆ ಐಪಿ ವಿಳಾಸವನ್ನು ಎಂಟು ಅಕ್ಷರ ಮಾಡಿ ಒಂದೊಂದೇ ಅಕ್ಷರ ಕಡಿಮೆ ಮಾಡುತ್ತ ಎಂಟು ಸಲ, ಕೊನೆಗೆ 'ಡಿಫಾಲ್ಟ್'. 10 ಸಲ ಇಲ್ಲ ಎನ್ನಿಸಿಕೊಂಡು 11ನೆಯ ಸಲ ಸಿಕ್ಕರೆ ಅದು ದೋಷವಲ್ಲ, ಹುಡುಕಾಟ.

ಈಗ ಉತ್ತರಗಳ ಫೈಲು. ರೆಡ್ ಹ್ಯಾಟ್‌ನವರು ಕಿಕ್‌ಸ್ಟಾರ್ಟ್ ಎನ್ನುತ್ತಾರೆ, ಸೂಸೆಯವರು ಆಟೋಯಾಸ್ಟ್, ಡೆಬಿಯನ್‌ನವರು ಪ್ರಿಸೀಡ್. ಸನ್ ಕಂಪನಿಯ ಸೊಲಾರಿಸ್‌ನಲ್ಲಿ ಜಂಪ್‌ಸ್ಟಾರ್ಟ್ ಇತ್ತು. ನನಗೆ ಹೆಚ್ಚು ಒಗ್ಗಿದ್ದು ಪ್ರಿಸೀಡ್. ಅದರಲ್ಲಿ ಎಲ್ಲ ಉತ್ತರ ಬರೆದಿಟ್ಟರೂ ಇನ್‌ಸ್ಟಾಲರ್ ಭಾಷೆ ಯಾವುದು ಎಂದು ಕೇಳಿಕೊಂಡು ನಿಲ್ಲುತ್ತದೆ. ಫೈಲಿನಲ್ಲಿ ಬರೆದಿದ್ದೇನಲ್ಲ ಎಂದು ಸಿಟ್ಟು ಬರುತ್ತದೆ. ಆದರೆ ಆ ಫೈಲು ಇರುವುದು ನೆಟ್‌ವರ್ಕಿನ ಆಚೆ ದಡದಲ್ಲಿ. ಭಾಷೆಯ ಪ್ರಶ್ನೆ ಬರುವುದು ನೆಟ್‌ವರ್ಕಿಗಿಂತ ಮೊದಲು. ಆ ಪ್ರಶ್ನೆಗಳನ್ನು ಮುಂದಕ್ಕೆ ಹಾಕು ಎಂದು ಕರ್ನಲ್ ಸಾಲಿನಲ್ಲೇ 'ಆಟೋ' ಎಂಬ ಸೂಚನೆ ಕೊಡಬೇಕು. ಇನ್ನೊಂದು ಕಡೆ ನಾನು ಒಂದು ಮಧ್ಯಾಹ್ನ ಪೂರ್ತಿ ಕಳೆದಿದ್ದೇನೆ. ಪ್ರಿಸೀಡಿನ ಸಾಲಿನಲ್ಲಿ ಉತ್ತರದ ಬಗೆ ಯಾವುದೆಂದು ಬರೆದ ಮೇಲೆ ಒಂದೇ ಒಂದು ಸ್ಪೇಸ್ ಬಿಟ್ಟು ಉತ್ತರ ಬರೆಯಬೇಕು. ಸಾಲುಗಳು ನೋಡಲು ಅಂದವಾಗಿರಲಿ ಎಂದು ನಾನು ಸ್ಪೇಸ್ ಹೆಚ್ಚಿಸಿ ಜೋಡಿಸಿದ್ದೆ. ಎರಡನೆಯ ಸ್ಪೇಸ್‌ನಿಂದಾಚೆ ಎಲ್ಲವೂ ಉತ್ತರದ ಭಾಗವೇ. ಡಿಸ್ಕಿನ ಹೆಸರಿನ ಹಿಂದೆ ಕಣ್ಣಿಗೆ ಕಾಣದ ಒಂದು ಸ್ಪೇಸ್ ಅಂಟಿಕೊಂಡು, ಅಂಥ ಡಿಸ್ಕೇ ಇಲ್ಲ ಎಂದು ಇನ್‌ಸ್ಟಾಲರ್ ಹೇಳುತ್ತಿತ್ತು.

ಇನ್‌ಸ್ಟಾಲರ್ ನಿಂತಾಗ ರೀಸ್ಟಾರ್ಟ್ ಮಾಡುವ ಮೊದಲು ಆಲ್ಟ್ ಮತ್ತು ಎಫ್4 ಒತ್ತಿ. ಡೆಬಿಯನ್ ಇನ್‌ಸ್ಟಾಲರ್ ತನ್ನ ದಿನಚರಿಯನ್ನು ಅಲ್ಲಿ ಬರೆಯುತ್ತಿರುತ್ತದೆ. ಆಲ್ಟ್ ಎಫ್2 ಒತ್ತಿದರೆ ಒಂದು ಪುಟ್ಟ ಶೆಲ್. ಅಲ್ಲಿಂದ ಉತ್ತರಗಳ ಫೈಲನ್ನು ನೀವೇ ತರಿಸಿ ನೋಡಬಹುದು. ರೀಸ್ಟಾರ್ಟ್ ಮಾಡಿದರೆ ಆ ಸಾಕ್ಷ್ಯವೆಲ್ಲ ಮೆಮೊರಿಯ ಜೊತೆ ಅಳಿಸಿಹೋಗುತ್ತದೆ.

ಆರು ತಿಂಗಳು ಸರಿಯಾಗಿ ನಡೆದ ಏರ್ಪಾಡು ಒಂದು ಬೆಳಿಗ್ಗೆ, ಕರ್ನಲ್ ಮಾಡ್ಯೂಲುಗಳು ಸಿಗಲಿಲ್ಲ ಎಂದು ಹೇಳುವುದುಂಟು. "ನಾವೇನೂ ಮುಟ್ಟಿಲ್ಲ ಸಾರ್" ಎನ್ನುತ್ತಾರೆ. ಮುಟ್ಟದಿರುವುದೇ ಕಾರಣ. ಸರ್ವರಿನಲ್ಲಿ ಕೂತಿರುವ ಕರ್ನಲ್ ಆರು ತಿಂಗಳ ಹಳೆಯದು. ಅದಕ್ಕೆ ಬೇಕಾದ ಮಾಡ್ಯೂಲುಗಳನ್ನು ಇನ್‌ಸ್ಟಾಲರ್ ತರಿಸುವುದು ಡೆಬಿಯನ್ನಿನ ಮಿರರ್ ಸರ್ವರಿನಿಂದ. ಅಲ್ಲಿ ಈ ನಡುವೆ ಹೊಸ ಕರ್ನಲ್ ಬಂದು ಹಳೆಯ ಮಾಡ್ಯೂಲುಗಳು ಜಾಗ ಖಾಲಿ ಮಾಡಿವೆ. ಕರ್ನಲ್ ಮತ್ತು ಇನಿಟ್‌ಆರ್‌ಡಿ ಎರಡನ್ನೂ ಹೊಸದಾಗಿ ಇಳಿಸಿಕೊಂಡರೆ ಐದು ನಿಮಿಷದ ಕೆಲಸ. ಕಾರಣ ಗೊತ್ತಿಲ್ಲದವರು ಅಷ್ಟರಲ್ಲಿ ನೆಟ್‌ವರ್ಕ್ ಕಾರ್ಡುಗಳನ್ನೇ ಬದಲಿಸಿರುತ್ತಾರೆ.

ಇಷ್ಟೆಲ್ಲ ಬರದಿರುವ ಯಂತ್ರಗಳ ಕಥೆ. ಬರಬಾರದಿದ್ದಾಗ ಬಂದ ಒಂದು ಯಂತ್ರ ನನ್ನ ನಿದ್ದೆ ಕೆಡಿಸಿದೆ. ಬೇರೊಂದು ಕಡೆ ಕೆಲಸದಲ್ಲಿದ್ದಾಗ ನಡೆದದ್ದು. ಇನ್‌ಸ್ಟಾಲ್ ಮುಗಿಯಿತೆಂದು ಸರ್ವರನ್ನು ಹಾಗೇ ಬಿಟ್ಟು ಮನೆಗೆ ಹೋಗಿದ್ದೆ. 'ಡಿಫಾಲ್ಟ್' ಫೈಲಿನಲ್ಲಿದ್ದ ಆದೇಶ ತಾನಾಗಿ ಇನ್‌ಸ್ಟಾಲ್ ಮಾಡು ಎಂಬುದೇ. ರಾತ್ರಿ ಕರೆಂಟ್ ಹೋಗಿ ಬಂತು. ಅದೇ ತಂತಿಯ ಮೇಲೆ ಲೆಕ್ಕಪತ್ರದ ಕೋಣೆಯ ಒಂದು ಕಂಪ್ಯೂಟರ್ ಇತ್ತು. ಅದರಲ್ಲಿ ಮೊದಲು ನೆಟ್‌ವರ್ಕ್, ಆಮೇಲೆ ಡಿಸ್ಕ್ ಎಂಬ ಕ್ರಮ ಇತ್ತು. ಕರೆಂಟ್ ಬಂದಾಗ ಅದು ಎದ್ದು ಕೂಗಿತು. ನನ್ನ ಸರ್ವರ್ ಓಗೊಟ್ಟಿತು. ಎಲ್ಲ ಕೊಂಡಿಗಳೂ ಒಂದಿಷ್ಟೂ ಎಡವದೆ ಕೆಲಸ ಮಾಡಿದವು. ಬೆಳಿಗ್ಗೆ ಅಲ್ಲಿದ್ದ ಅಕ್ಕ ಬಂದು ನೋಡಿದಾಗ ಅಚ್ಚುಕಟ್ಟಾದ ಹೊಸ ಲಿನಕ್ಸ್ ಅವರನ್ನು ಕಾಯುತ್ತಿತ್ತು. ಅವರ ಮೂರು ವಾರದ ಲೆಕ್ಕ ಬ್ಯಾಕಪ್ ಆಗಿರಲಿಲ್ಲ. ಅವರು ನನಗೆ ಒಂದು ಮಾತೂ ಅನ್ನದೆ ರಸೀತಿ ಪುಸ್ತಕಗಳನ್ನು ಮೇಜಿನ ಮೇಲೆ ಹರಡಿಕೊಂಡು ಮೊದಲಿನಿಂದ ಬರೆಯಲು ಕೂತರು. ನಾನು ಎಷ್ಟೋ ಸಂಜೆ ಅವರ ಪಕ್ಕ ಕೂತು ಅಂಕಿಗಳನ್ನು ಓದಿ ಹೇಳಿದೆ.

ಅಂದಿನಿಂದ ನನ್ನ 'ಡಿಫಾಲ್ಟ್' ಫೈಲಿನಲ್ಲಿ ಇರುವುದು ಒಂದೇ ಆದೇಶ: ನಿನ್ನ ಡಿಸ್ಕಿನಿಂದಲೇ ಏಳು. ಇನ್‌ಸ್ಟಾಲ್ ಆಗಬೇಕಾದ ಯಂತ್ರಕ್ಕೆ ಅದರ ಮ್ಯಾಕ್ ವಿಳಾಸದ ಹೆಸರಿನಲ್ಲಿ ಬೇರೆ ಫೈಲು ಇಡುತ್ತೇನೆ, ಕೆಲಸ ಮುಗಿದ ಕೂಡಲೇ ತೆಗೆಯುತ್ತೇನೆ. ಹಾಗೆ ತೆಗೆಯದಿದ್ದರೆ ಇನ್‌ಸ್ಟಾಲ್ ಮುಗಿದು ರೀಸ್ಟಾರ್ಟ್ ಆದ ಯಂತ್ರ ಮತ್ತೆ ಮೊದಲಿನಿಂದ ಇನ್‌ಸ್ಟಾಲ್ ಆಗುತ್ತ ರಾತ್ರಿಯಿಡೀ ಸುತ್ತುತ್ತಿರುತ್ತದೆ.

ಮತ್ತೆ ಕಾಲೇಜಿನ ಲ್ಯಾಬಿಗೆ ಬಂದರೆ, ಅಲ್ಲಿನ 40ರಲ್ಲಿ 39 ಅದೇ ದಿನ ರಾತ್ರಿ ಹತ್ತರ ಒಳಗೆ ಮುಗಿದವು. ಒಂದು ಉಳಿಯಿತು. ಮರುದಿನ ನಾನು ಬರುವಷ್ಟರಲ್ಲಿ ಸಹಾಯಕ ಅದರ ಮುಂದೆ ಸ್ಟೂಲ್ ಹಾಕಿಕೊಂಡು ಕೂತಿದ್ದ.

"ಸಾರ್, ವಿಳಾಸ ಸಿಕ್ತು, ಕರ್ನಲ್ ಬಂತು, ಇನ್‌ಸ್ಟಾಲರ್ ಬಂತು. ಉತ್ತರದ ಫೈಲ್ ತರೋವಾಗ ನಿಲ್ತು. ಎಫ್4ನಲ್ಲಿ ಸರ್ಟಿಫಿಕೇಟ್ ಇನ್ನೂ ಚಾಲ್ತಿಗೆ ಬಂದಿಲ್ಲ ಅಂತಿದೆ."

ಶೆಲ್‌ಗೆ ಹೋಗಿ ದಿನಾಂಕ ಕೇಳಿದೆವು. ಆ ಯಂತ್ರ ಇನ್ನೂ ಹತ್ತು ವರ್ಷ ಹಿಂದೆ ಇತ್ತು. ಫೈಲು ಬರುತ್ತಿದ್ದದ್ದು ಎಚ್‌ಟಿಟಿಪಿಎಸ್ ಮೂಲಕ. ನಮ್ಮ ಸರ್ಟಿಫಿಕೇಟ್ ಅದರ ಪಾಲಿಗೆ ಇನ್ನೂ ಹುಟ್ಟೇ ಇರಲಿಲ್ಲ. ಅವನು ಸ್ಕ್ರೂ ಬಿಚ್ಚಿ ಮದರ್‌ಬೋರ್ಡಿನಿಂದ ನಾಣ್ಯದಂಥ ಬ್ಯಾಟರಿ ತೆಗೆದು, ಬಸ್ ನಿಲ್ದಾಣದ ಬಳಿಯ ವಾಚ್ ರಿಪೇರಿ ಅಂಗಡಿಗೆ ಹೋಗಿ ಅದೇ ಅಳತೆಯ ಸಿಆರ್2032 ತಂದ. ಹಾಕಿ, ಸಮಯ ಸರಿ ಮಾಡಿ, ಎಫ್12 ಒತ್ತಿದ. ನಾವಿಬ್ಬರೂ ಕಾಫಿಗೆ ಹೋಗದೆ ಅಲ್ಲೇ ನಿಂತು ನೋಡಿದೆವು.